ಮಿಷನರಿಗಳು ಕಂಡ ಜೈನಧರ್ಮ: ಒಂದು ವಿಮರ್ಶೆ

ಧರ್ಮಗಳ ನಡುವೆ ಸಂವಾದ ನಡೆಯಬೇಕೆಂಬ ಮಾತು ಇಂದು ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತಿದೆ. ಆದರೆ ಸಂವಾದವೆಂದರೆ ಏನು, ಅದು ನಡೆಯಿತೆಂದು ತಿಳಿಯುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ನಾಲ್ಕು ಮತಗಳ ಮುಖಂಡರು ಒಂದೆಡೆ ಕುಳಿತು, ಎಲ್ಲ ಧರ್ಮಗಳ ಸಾರವೂ ಒಂದೇ ಎಂದು ಹೇಳಿ, ಶಾಲು ಹೊದೆದು ಎದ್ದುಹೋದರೆ ಅದನ್ನು ಸೌಜನ್ಯವೆನ್ನಬಹುದು. ಒಬ್ಬರ ಶಾಸ್ತ್ರವನ್ನು ಮತ್ತೊಬ್ಬರು ಓದಿ, ಅದರ ಅರ್ಥವನ್ನು ಅದರ ಅನುಯಾಯಿಗಳೇ ಒಪ್ಪುವಂತೆ ಹೇಳಬಲ್ಲವರಾದಾಗ ಮಾತ್ರ ಸಂವಾದ ಆರಂಭವಾಯಿತೆನ್ನಬೇಕು. ಈ ಒರೆಗಲ್ಲಿಗೆ ಕ್ರೈಸ್ತ ಮಿಷನರಿಗಳು ಜೈನಧರ್ಮದ ವಿಷಯವಾಗಿ ಮಾಡಿದ ಕಾರ್ಯವನ್ನೂ, ಜೈನರು ಕ್ರೈಸ್ತಧರ್ಮದ ವಿಷಯವಾಗಿ ಮಾಡಿದ ಕಾರ್ಯವನ್ನೂ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆ ಬೆಳಗಾವಿ ಸೀಮೆಗೆ ದೂರದ್ದಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಹತ್ತರಗಿಯಿಂದ ಹುಕ್ಕೇರಿ, ಗೋಕಾಕ, ಮೂಡಲಗಿಗಳವರೆಗಿನ ಪ್ರದೇಶದಲ್ಲಿ ಜೈನ ಒಕ್ಕಲುಗಳೂ ವರ್ತಕರೂ ಲಿಂಗಾಯತ, ವೈದಿಕ, ಮುಸಲ್ಮಾನ, ಕ್ರೈಸ್ತ ಕುಟುಂಬಗಳೊಡನೆ ತಲೆತಲಾಂತರದಿಂದ ಕೊಡುಕೊಳ್ಳುವ ವ್ಯವಹಾರ ನಡೆಸಿಕೊಂಡು ಬಂದಿದ್ದಾರೆ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ನೆಲೆನಿಂತುದು 1820ರಲ್ಲಿ. ಬಾಸೆಲ್ ಮಿಷನ್ ಸಂಸ್ಥೆ ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ತನ್ನ ಕೇಂದ್ರಗಳನ್ನು ತೆರೆಯಿತು. ಎರಡು ಶತಮಾನಗಳ ನೆರೆಹೊರೆ ಅಲ್ಪಕಾಲವಲ್ಲ. ಸಂತೆಯಲ್ಲಿ ತೂಕವನ್ನೂ ದರವನ್ನೂ ಪರಸ್ಪರ ಬಲ್ಲವರು, ಒಬ್ಬರ ಮನದೊಳಗಿನ ಶ್ರದ್ಧೆಯನ್ನು ಮತ್ತೊಬ್ಬರು ಎಷ್ಟರಮಟ್ಟಿಗೆ ಬಲ್ಲರು?

ಕಿಟ್ಟೆಲ್ ಅವರ ಓದು

ಮಿಷನರಿ ಎಂಬ ಶಬ್ದ ಕೇಳಿದೊಡನೆ ಮತಾಂತರವೊಂದೇ ನೆನಪಿಗೆ ಬರುವುದು ಸಹಜ. ಆದರೆ ಜೈನ ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಮೊದಲು ನೆನಪಾಗಬೇಕಾದ ಹೆಸರು ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಅವರು ಬಾಸೆಲ್ ಮಿಷನ್ನಿನ ಪ್ರಚಾರಕರಾಗಿ 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರುಗಳಲ್ಲಿ ಕೆಲಸ ಮಾಡಿದರು. ತಮ್ಮ ಮತದಲ್ಲಿ ಅವರಿಗೆ ದೃಢವಾದ ಶ್ರದ್ಧೆಯಿತ್ತು. ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸುಗಳಲ್ಲಿ ‘ಕಥಾಮಾಲೆ’ ಎಂಬ ಹೆಸರಿನಿಂದ ರಚಿಸಿದರು. ಹೀಗೆ ಸ್ವಮತನಿಷ್ಠರಾದ ಅವರು 1872ರಲ್ಲಿ ಮಂಗಳೂರಿನಿಂದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ವ್ಯಾಖ್ಯಾನಸಹಿತವಾಗಿ ಪ್ರಕಟಿಸಿದರು. 1875ರಲ್ಲಿ ಅಜಿತಸೇನರ ಶಿಷ್ಯನೆಂದು ಪ್ರಸಿದ್ಧನಾದ ನಾಗವರ್ಮನ ‘ಛಂದೋಂಬುಧಿ’ಯನ್ನು, ಕನ್ನಡ ಸಾಹಿತ್ಯವನ್ನು ಕುರಿತ ದೀರ್ಘ ಪ್ರಬಂಧದೊಡನೆ ಹೊರತಂದರು. 1894ರಲ್ಲಿ ಬೆಳಕು ಕಂಡ ಅವರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಶಬ್ದಗಳ ಮಹಾಕೋಶ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ, ಅವರು ತೀರಿಕೊಂಡ ವರ್ಷವೇ, ಕೇಶಿರಾಜನನ್ನು ಮುಖ್ಯ ಆಧಾರವಾಗಿ ಇರಿಸಿಕೊಂಡ ಅವರ ಕನ್ನಡ ವ್ಯಾಕರಣವೂ ಅಚ್ಚಾಯಿತು.

ಇಲ್ಲಿ ವಿಚಾರ ಮಾಡಬೇಕಾದ ಸಂಗತಿಯೊಂದಿದೆ. ಕೇಶಿರಾಜ ಹದಿಮೂರನೆಯ ಶತಮಾನದ ಜೈನ ವಿದ್ವಾಂಸ. ಗಜಗ, ಅಸಗ, ಶ್ರೀವಿಜಯ ಮೊದಲಾದ ಪೂರ್ವಕವಿಗಳ ಪ್ರಯೋಗವನ್ನೇ ಲಕ್ಷ್ಯವಾಗಿ ಹಿಡಿದು ಸೂತ್ರ ಕಟ್ಟಿದವನು. ಆ ಸೂತ್ರಗಳನ್ನು ಸಂಪಾದಿಸುವಾಗ ಕಿಟ್ಟೆಲ್ ಅವರು ಕೇಶಿರಾಜನನ್ನು ತಿದ್ದಲು ಹೋಗಲಿಲ್ಲ, ಅವನಿಗೆ ಶಿಷ್ಯರಾದರು. ನಿಘಂಟಿನಲ್ಲಿ ಒಂದೊಂದು ಹಳಗನ್ನಡ ಶಬ್ದದ ಮುಂದೆಯೂ ಅದಕ್ಕೆ ಆಧಾರವಾದ ಗ್ರಂಥವನ್ನು ಸೂಚಿಸಿದರು; ಶಬ್ದಮಣಿದರ್ಪಣದ ಸೂಚನೆ ಆ ಕೋಶದ ಪುಟಪುಟಗಳಲ್ಲಿ ಕಾಣುತ್ತದೆ. ಲೆಕ್ಕ ಬರೆಯುವವರಿಗೆ ಇದರ ಬೆಲೆ ಚೆನ್ನಾಗಿ ತಿಳಿದೀತು. ಪಾವತಿಯಿಲ್ಲದ ರಕಮನ್ನು ಖಾತೆಗೆ ಹಾಕದ ಪ್ರಾಮಾಣಿಕತೆ ಅದು. ಪರಮತದವನೊಬ್ಬನ ಮಾತನ್ನು ಅವನ ಹೆಸರಿನಿಂದಲೇ, ಅವನು ಹೇಳಿದಂತೆಯೇ ದಾಖಲಿಸುವುದು ಸತ್ಯವ್ರತದ ಒಂದು ಆಚರಣೆಯೆಂದರೂ ತಪ್ಪಾಗದು.

ಹಾಗೆಂದು ಕಿಟ್ಟೆಲ್ ಅವರ ಕಾರ್ಯವನ್ನು ಸಂಪೂರ್ಣ ಸಂವಾದವೆಂದು ಹೊಗಳುವಂತಿಲ್ಲ. ಅವರು ಜೈನರ ಭಾಷೆಯನ್ನು ಓದಿದರು, ಜೈನದರ್ಶನದ ಒಳಹೊಕ್ಕು ಬರೆಯಲಿಲ್ಲ. ವ್ಯಾಕರಣ, ಛಂದಸ್ಸುಗಳ ಬಾಗಿಲಿನವರೆಗೆ ಬಂದರು. ತತ್ತ್ವಾರ್ಥದ ಗರ್ಭಗೃಹವನ್ನು ಪ್ರವೇಶಿಸಲಿಲ್ಲ. ಆದರೆ ಎಲ್ಲಿಯವರೆಗೆ ಬಂದರೋ ಅಲ್ಲಿಯವರೆಗೆ ಪಾದರಕ್ಷೆಯನ್ನು ಹೊರಗೆ ಬಿಟ್ಟೇ ಬಂದರು. ಅವರಿಂದ ಎಷ್ಟು ಜನ ಮತಾಂತರಗೊಂಡರೆಂದು ಇಂದು ಯಾರೂ ಕೇಳುವುದಿಲ್ಲ. ಅವರ ಕೋಶವನ್ನು ತೆರೆಯದೆ ಹಳಗನ್ನಡ ಜೈನಕಾವ್ಯವನ್ನು ಓದುವ ವಿದ್ಯಾರ್ಥಿ ಮಾತ್ರ ವಿರಳ.

ಸ್ಟೀವನ್‌ಸನ್ ಅವರ ಓದು

ಕಿಟ್ಟೆಲ್ ಪ್ರವೇಶಿಸದ ಗರ್ಭಗೃಹವನ್ನು ಪ್ರವೇಶಿಸಲು ಯತ್ನಿಸಿದವರು ಶ್ರೀಮತಿ ಸಿಂಕ್ಲೇರ್ ಸ್ಟೀವನ್‌ಸನ್. ಐರಿಷ್ ಪ್ರೆಸ್‌ಬಿಟೀರಿಯನ್ ಮಿಷನ್ನಿನವರಾಗಿ ಗುಜರಾತಿನ ರಾಜಕೋಟೆಯಲ್ಲಿದ್ದ ಈ ವಿದುಷಿ 1915ರಲ್ಲಿ ‘ದಿ ಹಾರ್ಟ್ ಆಫ್ ಜೈನಿಸಂ’ ಎಂಬ ಗ್ರಂಥವನ್ನು ಆಕ್ಸ್‌ಫರ್ಡ್ ಮುದ್ರಣಾಲಯದ ಮೂಲಕ ಪ್ರಕಟಿಸಿದರು. ಮಹಾವೀರ ಸ್ವಾಮಿಯ ಚರಿತ್ರೆ, ನವತತ್ತ್ವಗಳು, ಗುಣಸ್ಥಾನಗಳು, ಶ್ರಾವಕರ ವ್ರತಗಳು, ಗೃಹಸ್ಥರ ಸಂಸ್ಕಾರಗಳು, ಇವೆಲ್ಲವನ್ನೂ ಜೈನ ಪಂಡಿತರನ್ನು ಕೇಳಿ ತಿಳಿದು ವಿಸ್ತಾರವಾಗಿ ಬರೆದಿದ್ದಾರೆ. ಶ್ವೇತಾಂಬರ ಸಮಾಜದ ನಡುವೆ ಬರೆದ ಗ್ರಂಥವಾದ್ದರಿಂದ ಕರ್ನಾಟಕದ ದಿಗಂಬರ ಪರಂಪರೆಗೆ ಅದರಲ್ಲಿ ದೊರೆತ ಸ್ಥಾನ ಅಲ್ಪ. ಆದರೂ ಜೈನರ ಮನೆಯೊಳಗಿನ ಆಚರಣೆಯನ್ನು ಹತ್ತಿರದಿಂದ ಕಂಡು ಬರೆದ ಪಾಶ್ಚಾತ್ಯರ ಗ್ರಂಥಗಳಲ್ಲಿ ಅದಕ್ಕೆ ಗಣ್ಯ ಸ್ಥಾನವಿದೆ.

ಗ್ರಂಥದ ಕೊನೆಯ ಅಧ್ಯಾಯಕ್ಕೆ ಲೇಖಕಿ ಕೊಟ್ಟ ಶೀರ್ಷಿಕೆಯಾದರೋ ‘ಜೈನಧರ್ಮದ ಬರಿದಾದ ಹೃದಯ’ ಎಂಬರ್ಥದ್ದು. ಅವರ ವಾದದ ಸಾರ ಇಷ್ಟು: ಜೈನಧರ್ಮದಲ್ಲಿ ಪಾಪಿಯನ್ನು ಪ್ರೀತಿಸಿ ಕ್ಷಮಿಸುವ ದೇವರಿಲ್ಲ, ಕರ್ಮಸಿದ್ಧಾಂತವು ಕ್ಷಮೆಗೆ ಎಡೆಗೊಡುವುದಿಲ್ಲ, ನೊಂದವನ ನೋವು ಅವನ ಪೂರ್ವಕರ್ಮದ ಫಲವೆಂದು ನಂಬಿದವನಲ್ಲಿ ಸಹಾನುಭೂತಿ ಬತ್ತಿಹೋಗುತ್ತದೆ. ಆದಕಾರಣ ಈ ಧರ್ಮದ ಹೃದಯಸ್ಥಾನ ಬರಿದಾಗಿದೆ, ಅದನ್ನು ತುಂಬಬಲ್ಲವನು ಕ್ರಿಸ್ತನೊಬ್ಬನೇ. ಈ ಗ್ರಂಥ ಪ್ರಕಟವಾದ ಮಾಲೆಯ ಸಂಪಾದಕರಲ್ಲೊಬ್ಬರಾದ ಜೆ. ಎನ್. ಫರ್ಕುಹರ್ 1913ರಲ್ಲಿ ‘ದಿ ಕ್ರೌನ್ ಆಫ್ ಹಿಂದೂಯಿಸಂ’ ಎಂಬ ಕೃತಿಯಲ್ಲಿ ಮಂಡಿಸಿದ್ದ ವಿಚಾರವೂ ಇದೇ ಜಾಡಿನದು. ಇತರ ಧರ್ಮಗಳು ಅಪೂರ್ಣ ಹಂಬಲಗಳು, ಅವುಗಳ ಪೂರ್ಣತೆ ಕ್ರಿಸ್ತನಲ್ಲಿ ಎಂಬುದು ಅವರ ಸಿದ್ಧಾಂತ.

ಈ ವಾದದ ದೋಷವನ್ನು ಜೈನ ನ್ಯಾಯದ ಪರಿಭಾಷೆಯಲ್ಲಿಯೇ ಹೇಳಬಹುದು. ಒಂದು ದೃಷ್ಟಿಯಿಂದ ವಸ್ತುವನ್ನು ನೋಡುವುದು ನಯ. ಆ ಒಂದು ದೃಷ್ಟಿಗೆ ಕಾಣದುದೆಲ್ಲ ಇಲ್ಲವೇ ಇಲ್ಲ ಎನ್ನುವುದು ನಯಾಭಾಸ. ಕ್ಷಮಿಸುವ ಜಗತ್ಕರ್ತನನ್ನು ಹುಡುಕಿಕೊಂಡು ಬಂದವರಿಗೆ ಜೈನಶಾಸ್ತ್ರದಲ್ಲಿ ಅವನು ಸಿಗುವುದಿಲ್ಲ, ಅದು ನಿಜ. ಆದರೆ ಕ್ಷಮೆಯೇ ಇಲ್ಲವೆಂಬ ತೀರ್ಮಾನ ಅಷ್ಟರಿಂದ ಹೊರಡದು. ದಶಲಕ್ಷಣ ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ಪರ್ವದ ಕೊನೆಯಲ್ಲಿ ಹಿರಿಯರು ಕಿರಿಯರೆನ್ನದೆ, ಯಜಮಾನ ಆಳೆನ್ನದೆ ಒಬ್ಬರನ್ನೊಬ್ಬರು ಕ್ಷಮೆ ಬೇಡುವ ಕ್ಷಮಾವಣಿಯಲ್ಲಿ ಕ್ಷಮಿಸುವ ಹೊಣೆ ಸ್ವರ್ಗದಿಂದ ಮನುಷ್ಯನ ಹೆಗಲಿಗೆ ಇಳಿದುಬರುತ್ತದೆ. ನೊಂದ ಜೀವಿಯೇ ಕ್ಷಮಿಸಬೇಕು, ನೋಯಿಸಿದವನೇ ಅವನ ಬಾಗಿಲಿಗೆ ಹೋಗಿ ಬೇಡಬೇಕು. ದೇವರ ಮುಂದೆ ತಪ್ಪೊಪ್ಪಿಕೊಂಡು ನೆರೆಯವನನ್ನು ಮರೆಯಲು ಇಲ್ಲಿ ಅವಕಾಶವಿಲ್ಲ. ಈ ಹೃದಯವನ್ನು ಲೇಖಕಿ ಕಾಣದೆಹೋದುದಕ್ಕೆ ಕಾರಣ, ಅವರು ಅದನ್ನು ಬೇರೆ ಸ್ಥಾನದಲ್ಲಿ ಹುಡುಕಿದುದು.

ಕರ್ಮಸಿದ್ಧಾಂತವು ಕರುಣೆಯನ್ನು ಕೊಲ್ಲುತ್ತದೆಂಬ ಆರೋಪಕ್ಕೂ ಶಾಸ್ತ್ರದಲ್ಲಿ ಸ್ಪಷ್ಟವಾದ ಉತ್ತರವಿದೆ. ಜೀವಿಗಳು ಪರಸ್ಪರ ಉಪಕಾರಕ್ಕಾಗಿ ಇವೆಯೆಂದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಆರನೆಯ ಅಧ್ಯಾಯದಲ್ಲಿ ಪರರಿಗೆ ದುಃಖವನ್ನು ಉಂಟುಮಾಡುವುದು ಅಸಾತಾವೇದನೀಯಕ್ಕೂ, ಪ್ರಾಣಿಗಳಲ್ಲಿ ಅನುಕಂಪೆ ಮತ್ತು ದಾನಗಳು ಸಾತಾವೇದನೀಯಕ್ಕೂ ಕಾರಣವೆಂದು ವಿವರಿಸುತ್ತಾರೆ. ಅಂದರೆ ನೊಂದವನ ಕರ್ಮ ಅವನದಾದರೆ, ಅವನನ್ನು ಕಂಡೂ ಕಾಣದಂತೆ ಹೋದವನ ಕಾಠಿಣ್ಯ ಅವನ ಖಾತೆಗೇ ಜಮೆಯಾಗುತ್ತದೆ. ಈ ಸೂತ್ರಗಳು ಲೇಖಕಿಯ ಕಾಲದಲ್ಲಿಯೂ ಇದ್ದವು. ಜಗಮಂದರಲಾಲ್ ಜೈನಿಯವರು ಈ ಗ್ರಂಥವನ್ನು ವಿಮರ್ಶಿಸಿ ಪ್ರತ್ಯೇಕ ಪುಸ್ತಕವನ್ನೇ ಬರೆಯಬೇಕಾಗಿ ಬಂದುದು ಆಶ್ಚರ್ಯವಲ್ಲ.

ಆದರೆ ವಿಮರ್ಶೆ ಇಲ್ಲಿಗೇ ನಿಂತರೆ ಅದು ಆತ್ಮಪ್ರಶಂಸೆಯಾದೀತು. ಸ್ಟೀವನ್‌ಸನ್ ಅವರು ಶಾಸ್ತ್ರವನ್ನು ತಪ್ಪಾಗಿ ತೂಗಿರಬಹುದು. ತಮ್ಮ ಕಣ್ಣೆದುರಿನ ಜನರನ್ನು ಪೂರ್ತಿಯಾಗಿ ತಪ್ಪು ಕಂಡರೆಂದು ಹೇಳುವ ಧೈರ್ಯ ಯಾರಿಗಿದೆ? ಎಳೆಯ ವಿಧವೆಯನ್ನು ಕಂಡು ಕರ್ಮವೆಂದು ಸುಮ್ಮನಾದ ಮನೆಗಳು ಇದ್ದುವಲ್ಲವೇ? ಇರುವೆಗೆ ಸಕ್ಕರೆ ಹಾಕಿ, ಅಂಗಡಿಯ ಆಳಿಗೆ ಸಂಬಳ ತಡೆಹಿಡಿದ ಕೈಗಳು ಇಲ್ಲವೆನ್ನಬಹುದೇ? ಶಾಸ್ತ್ರದ ಉತ್ತರ ಗ್ರಂಥದಲ್ಲಿದ್ದರೆ ಸಾಲದು. ಪರಧರ್ಮೀಯರು ಮೊದಲು ಓದುವ ಗ್ರಂಥ ಶ್ರಾವಕನ ನಡತೆ.

ಮಿರಜಿನ ಆಸ್ಪತ್ರೆ ಮತ್ತು ನಿದಾನಶಲ್ಯ

ನಡತೆಯ ಮಾತು ಬಂದಾಗ ಈ ಸೀಮೆಯವರಿಗೆ ಮಿರಜಿನ ಹೆಸರು ನೆನಪಾಗದಿರದು. ಅಮೆರಿಕದ ಪ್ರೆಸ್‌ಬಿಟೀರಿಯನ್ ಮಿಷನ್ನಿನ ವೈದ್ಯ ಡಾ. ವಿಲಿಯಂ ವಾನ್‌ಲೆಸ್ 1889ರಲ್ಲಿ ಭಾರತಕ್ಕೆ ಬಂದು 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದರು. ಚಿಕ್ಕೋಡಿ, ಹುಕ್ಕೇರಿ ಭಾಗದ ಎಲ್ಲ ಮತಗಳ ಜನರೂ ಕಾಯಿಲೆ ಬಿದ್ದಾಗ ಮಿರಜಿನ ಹಾದಿ ಹಿಡಿದವರೇ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಅದನ್ನು ಪರಧರ್ಮೀಯರು ಮಾಡಿದಾಗ ಕೃತಜ್ಞತೆಯಿಂದ ನೆನೆಯುವುದು ಗುಣಗ್ರಾಹಿಗಳ ಕರ್ತವ್ಯ.

ಸೇವೆಯ ಹಿಂದೆ ಮತಾಂತರದ ಉದ್ದೇಶವಿರುತ್ತದೆಂಬ ಆಕ್ಷೇಪ ಬಹುಕಾಲದ್ದು. ಈ ಆಕ್ಷೇಪವನ್ನು ಜೈನರು ಎತ್ತುವುದಾದರೆ ಎಲ್ಲರಿಗೂ ಒಂದೇ ಅಳತೆಗೋಲನ್ನು ಬಳಸಬೇಕಾಗುತ್ತದೆ. ವ್ರತಕ್ಕೋ ದಾನಕ್ಕೋ ಪ್ರತಿಫಲವನ್ನು ಬಯಸುವುದು ನಿದಾನಶಲ್ಯ. ಮಾಯೆ, ಮಿಥ್ಯಾತ್ವಗಳೊಡನೆ ಎಣಿಸಲಾಗುವ ಮೂರು ಮುಳ್ಳುಗಳಲ್ಲೊಂದು. ರೋಗಿಯ ಗುಣವನ್ನು ಅವನ ಮತಕ್ಕೆ ಬೆಲೆಯಾಗಿ ಕೇಳಿದರೆ ಆ ಔಷಧದಾನಕ್ಕೆ ಈ ಮುಳ್ಳು ನೆಟ್ಟಿತೆಂದೇ ಅರ್ಥ. ಆದರೆ ಬಸದಿಯ ಕಟ್ಟೆಗೆ ಹಣ ಕೊಟ್ಟು ಶಿಲೆಯ ಮೇಲೆ ಹೆಸರಿನ ಗಾತ್ರಕ್ಕಾಗಿ ಜಗಳವಾಡುವ ದಾನಕ್ಕೂ ಅದೇ ಮುಳ್ಳು ನೆಟ್ಟಿದೆ. ಒಬ್ಬನು ಆತ್ಮಗಳ ಸಂಖ್ಯೆಯನ್ನು ಬಯಸಿದ, ಮತ್ತೊಬ್ಬನು ಕೀರ್ತಿಯನ್ನು ಬಯಸಿದ. ನಿದಾನದ ದೃಷ್ಟಿಯಲ್ಲಿ ಇಬ್ಬರ ವ್ಯವಹಾರವೂ ಕೊಡುಕೊಳ್ಳುವಿಕೆಯೇ.

ಜೈನರ ಓದು

ಇನ್ನು ಮತ್ತೊಂದು ಪಕ್ಷವನ್ನು ಪರೀಕ್ಷಿಸಬೇಕು. ಸ್ಟೀವನ್‌ಸನ್ ಅವರ ಗ್ರಂಥ ಹೊರಬಂದ 1915ರಲ್ಲಿಯೇ ಬ್ಯಾರಿಸ್ಟರ್ ಚಂಪತರಾಯ್ ಜೈನರ ‘ದಿ ಕೀ ಆಫ್ ನಾಲೆಡ್ಜ್’ ಎಂಬ ಬೃಹತ್ ಗ್ರಂಥವೂ ಪ್ರಕಟವಾಯಿತು. 1867ರಲ್ಲಿ ದೆಹಲಿಯಲ್ಲಿ ಜನಿಸಿ, ಇಂಗ್ಲೆಂಡಿನಲ್ಲಿ ಕಾನೂನು ಓದಿಬಂದ ಈ ದಿಗಂಬರ ವಿದ್ವಾಂಸರು ಬೈಬಲನ್ನು ಶ್ರಮವಹಿಸಿ ಓದಿದವರು. ಅವರ ಪಾಂಡಿತ್ಯ ಗೌರವಾರ್ಹ. ಆದರೆ ಅವರ ಮುಖ್ಯ ಪ್ರತಿಪಾದನೆ ಏನೆಂದರೆ, ಬೈಬಲಿನ ಕಥೆಗಳೆಲ್ಲ ರೂಪಕಗಳು, ಆ ರೂಪಕಗಳ ಒಳಗೆ ಅಡಗಿರುವುದು ಜೈನಸಿದ್ಧಾಂತವೇ ಎಂಬುದು. ಕ್ರೈಸ್ತರಿಗೆ ತಮ್ಮ ಗ್ರಂಥದ ಅರ್ಥ ತಿಳಿಯದು, ಅದರ ಬೀಗದ ಕೈ ಜೈನರ ಬಳಿಯಿದೆ ಎಂದಂತಾಯಿತು.

ಎರಡು ಗ್ರಂಥಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಸಾಮ್ಯ ಕಾಣುತ್ತದೆ. ಒಬ್ಬರು ಪರರ ಮನೆಯನ್ನು ಬರಿದೆಂದು ಸಾರಿದರು. ಮತ್ತೊಬ್ಬರು ಪರರ ಮನೆಯ ತುಂಬ ತಮ್ಮ ಸಾಮಾನನ್ನೇ ಕಂಡರು. ಮನೆಯವರನ್ನು ಮಾತಾಡಿಸಿ, ಅವರ ಉತ್ತರವನ್ನು ಕೊನೆಯವರೆಗೆ ಕೇಳಿದವರು ಇಬ್ಬರಲ್ಲಿ ಯಾರೂ ಇಲ್ಲ. ಶಿಲುಬೆಯ ಮೇಲಿನ ಮರಣವನ್ನು ನಿಜವಾಗಿ ನಡೆದ ಘಟನೆಯೆಂದು ನಂಬಿ ಬಾಳುವ ಕ್ರೈಸ್ತನಿಗೆ, ಅದು ಕರ್ಮನಿರ್ಜರೆಯ ರೂಪಕ ಮಾತ್ರವೆಂದರೆ ಆಗುವ ನೋವು, ಜೈನನಿಗೆ ‘ಬರಿದಾದ ಹೃದಯ’ ಎಂದಾಗ ಆದ ನೋವಿಗಿಂತ ಕಡಿಮೆಯದಲ್ಲ. ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಸಾರುವುದು, ಇವು ನೀಚಗೋತ್ರ ಕರ್ಮಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎಚ್ಚರಿಸುತ್ತದೆ. ಆ ಎಚ್ಚರಿಕೆಯಲ್ಲಿ ಸ್ವಮತೀಯರಿಗೆ ರಿಯಾಯಿತಿಯಿಲ್ಲ.

ಇದಕ್ಕಿಂತ ಮೇಲಾದ ಮಾದರಿ ಜೈನ ಪರಂಪರೆಯಲ್ಲಿಯೇ ಇದೆ. ಎಂಟನೆಯ ಶತಮಾನದ ಹರಿಭದ್ರಸೂರಿಗಳು ‘ಷಡ್ದರ್ಶನಸಮುಚ್ಚಯ’ದಲ್ಲಿ ಬೌದ್ಧ, ನೈಯಾಯಿಕ, ಸಾಂಖ್ಯಾದಿ ದರ್ಶನಗಳನ್ನು ಆಯಾ ದರ್ಶನದವರು ಹೇಳುವಂತೆಯೇ ನಿರೂಪಿಸಿದರು. ಬೌದ್ಧಾಚಾರ್ಯ ಶಾಂತರಕ್ಷಿತರ ‘ತತ್ತ್ವಸಂಗ್ರಹ’ದ ಸಂಸ್ಕೃತ ಮೂಲ ಉಳಿದುಬಂದುದು ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ. ಆ ಗ್ರಂಥದಲ್ಲಿ ಜೈನಮತದ ಖಂಡನೆಯೂ ಇದೆ. ಆದರೂ ಅದನ್ನು ಪಟ್ಟಿಗಳಿಂದ ಬಿಗಿದು, ಬಟ್ಟೆಯಲ್ಲಿ ಸುತ್ತಿ ಕಾಪಾಡಿದರು. ಇತ್ತೀಚಿನ ಕಾಲಕ್ಕೆ ಬಂದರೆ, 1894ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕ್ರೈಸ್ತ ಮಿತ್ರರ ಒತ್ತಾಯದ ನಡುವೆ ಸಿಲುಕಿದ್ದ ಮೋಹನದಾಸ ಗಾಂಧಿಯವರು ತಮ್ಮ ಸಂದೇಹಗಳನ್ನು ಬರೆದು ಕಳುಹಿಸಿದುದು ಮುಂಬಯಿಯ ಜೈನ ರತ್ನವ್ಯಾಪಾರಿ ಶ್ರೀಮದ್ ರಾಜಚಂದ್ರರಿಗೆ. ಆಗ ರಾಜಚಂದ್ರರಿಗೆ ಇಪ್ಪತ್ತಾರು ವರ್ಷ. ಒಂದೊಂದು ಪ್ರಶ್ನೆಗೂ ಉತ್ತರ ಬರೆದರು. ತಾಳ್ಮೆಯಿಂದ ಸ್ವಧರ್ಮವನ್ನು ಆಳವಾಗಿ ಅರಿಯುವಂತೆ ಹೇಳಿದರೇ ಹೊರತು ಜೈನರಾಗಿ ಬನ್ನಿರೆಂದು ಕರೆಯಲಿಲ್ಲ. ಪೇಢಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಲೇ ಒಬ್ಬ ಗೃಹಸ್ಥ ಸಂವಾದವನ್ನು ಇಷ್ಟು ಎತ್ತರಕ್ಕೆ ಒಯ್ಯಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ರಾಜಶಾಸನದ ಮಿತಿ

ಸಂವಾದ ಮುರಿದಾಗ ಜನ ರಾಜನ ಬಳಿಗೆ ಹೋಗುತ್ತಾರೆ. ವೈಷ್ಣವರಿಂದ ತೊಂದರೆಯಾಯಿತೆಂದು ಜೈನರು ಮೊರೆಯಿಟ್ಟಾಗ ವಿಜಯನಗರದ ಬುಕ್ಕರಾಯನು 1368ರಲ್ಲಿ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಶಾಸನ ಶ್ರವಣಬೆಳಗೊಳದಲ್ಲಿದೆ. ಈ ಕ್ಷೇತ್ರದ ಶಾಸನಗಳನ್ನು 1889ರಲ್ಲಿ ಗ್ರಂಥರೂಪದಲ್ಲಿ ಲೋಕಕ್ಕೆ ಕೊಟ್ಟ ಬಿ. ಎಲ್. ರೈಸ್ ಅವರೂ ಬೆಂಗಳೂರಿನ ಮಿಷನರಿಯೊಬ್ಬರ ಮಗನೇ. ಶಾಸನದ ವ್ಯವಸ್ಥೆಯಂತೆ ಮನೆಗೆ ವರ್ಷಕ್ಕೆ ಒಂದು ಹಣದ ಮೇರೆಗೆ ಜೈನರಿಂದ ಸಂಗ್ರಹಿಸಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕಾಗಿತ್ತು. ರಾಜನ ನ್ಯಾಯ ದೊಡ್ಡದು. ಆದರೂ ಕಾವಲಿನ ಖರ್ಚನ್ನು ಕಾಯಿಸಿಕೊಂಡವರೇ ಕೊಟ್ಟರೆಂಬುದು ಲೆಕ್ಕ ಬಲ್ಲವರ ಗಮನಕ್ಕೆ ಬಾರದಿರದು.

ನಮ್ಮ ಕಾಲದಲ್ಲಿಯೂ ಕಾನೂನಿನ ಮಾತು ಬಂದಿದೆ. ಧರ್ಮಪ್ರಚಾರದ ಹಕ್ಕಿನಲ್ಲಿ ಮತ್ತೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಬಲವಂತ, ವಂಚನೆ, ಆಮಿಷಗಳ ಮತಾಂತರವನ್ನು ನಿಷೇಧಿಸುವ ರಾಜ್ಯದ ವಿಧೇಯಕವನ್ನು ವಿಧಾನಸಭೆ ಅಂಗೀಕರಿಸಿದುದು 2021ರ ಡಿಸೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ. 2022ರಲ್ಲಿ ಅದು ಕಾಯಿದೆಯಾಯಿತು. 2023ರ ಜೂನಿನಲ್ಲಿ ಮುಂದಿನ ಸರಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತು. ಪಕ್ಷ ಯಾವುದೇ ಇರಲಿ, ಕಾನೂನು ಬಲಾತ್ಕಾರವನ್ನು ಹಿಡಿಯಬಲ್ಲದು, ಅಜ್ಞಾನವನ್ನು ಹಿಡಿಯಲಾರದು. ತನ್ನ ಧರ್ಮದ ಅರ್ಥ ತಿಳಿಯದ ತರುಣನನ್ನು ಯಾವ ಕಾಯಿದೆಯೂ ಬಸದಿಯಲ್ಲಿ ಉಳಿಸಲಾರದು. ನೆರೆಯವನ ಧರ್ಮವನ್ನು ವದಂತಿಯಿಂದ ಮಾತ್ರ ಬಲ್ಲ ಹಿರಿಯನಿಗೆ ಯಾವ ತೀರ್ಪೂ ಸೌಹಾರ್ದವನ್ನು ಕಲಿಸಲಾರದು.

ಟ್ರಸ್ಟುಗಳ ಹೊಣೆ

ಕಿಟ್ಟೆಲ್ ಅವರು ಶಬ್ದಮಣಿದರ್ಪಣವನ್ನು ಅಚ್ಚುಮಾಡಿದುದು 1872ರಲ್ಲಿ. ದಿಗಂಬರರ ಪರಮಾಗಮವಾದ ಷಟ್‌ಖಂಡಾಗಮದ ತಾಳೆಗರಿಗಳು ಮೂಡಬಿದಿರೆಯಲ್ಲಿ ದೀರ್ಘಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದು, ಧವಲಾ ಟೀಕೆಯೊಡನೆ ಅದರ ಮೊದಲ ಸಂಪುಟ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹೊರಬಂದುದು 1939ರಲ್ಲಿ. ಈ ಎರಡು ವರ್ಷಗಳ ನಡುವಿನ ಅಂತರವನ್ನು ಸಮಾಜ ಮರೆಯಬಾರದು. ಪೂ ಸಂರಕ್ಷಿಸಿದ ಹಿರಿಯರ ಭಕ್ತಿ ವಂದನೀಯ. ಆದರೆ ಓದಲು ದೊರೆಯದ ಶಾಸ್ತ್ರದ ವಿಷಯವಾಗಿ ಪರರು ತಪ್ಪು ಬರೆದರೆಂದು ದೂರುವ ಅಧಿಕಾರ ಅರ್ಧಕ್ಕಿಳಿಯುತ್ತದೆ. ಇದೇ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕುಂದಕುಂದರ ‘ಪ್ರವಚನಸಾರ’ವನ್ನು 1935ರಲ್ಲಿ ಸಂಪಾದಿಸಿ, ಪ್ರಪಂಚದ ವಿದ್ವಾಂಸರು ಮೂಲವನ್ನೇ ನೋಡಿ ಮಾತಾಡುವಂತೆ ಮಾಡಿದರು. ತಪ್ಪು ತಿಳಿವಳಿಕೆಗೆ ಅದಕ್ಕಿಂತ ಶಾಂತವಾದ, ಅದಕ್ಕಿಂತ ಬಲವಾದ ಉತ್ತರವಿಲ್ಲ.

ಆದುದರಿಂದ ಬಸದಿಗಳ ಟ್ರಸ್ಟುಗಳು ಮೂರು ಕಾರ್ಯಗಳನ್ನು ಕೈಗೊಳ್ಳಬಹುದು. ಕಪಾಟಿನಲ್ಲಿರುವ ಹಸ್ತಪ್ರತಿಗಳ, ಹಳೆಯ ಮುದ್ರಿತ ಗ್ರಂಥಗಳ ಪಟ್ಟಿಯನ್ನು ಸಿದ್ಧಪಡಿಸಿ, ಓದಬಯಸುವವರ ಮತವನ್ನು ಕೇಳದೆ ತೋರಿಸುವುದು ಮೊದಲನೆಯದು. ಪಾಠಶಾಲೆಯ ಹಿರಿಯ ವಿದ್ಯಾರ್ಥಿಗಳಿಗೆ ಸ್ವಧರ್ಮದ ತತ್ತ್ವಗಳೊಡನೆ, ಬೈಬಲು, ಕುರಾನು, ವಚನಗಳು ಏನು ಹೇಳುತ್ತವೆಂಬುದನ್ನು ಆಯಾ ಧರ್ಮದವರಿಂದಲೇ ಹೇಳಿಸುವುದು ಎರಡನೆಯದು. ಖಂಡನೆ ಬೇಕಾದರೆ ಅನಂತರ ಬರಲಿ, ಹರಿಭದ್ರರ ಕ್ರಮವೂ ಅದೇ. ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಊರಿನ ಇತರ ಧರ್ಮೀಯರನ್ನು ಕರೆದು, ವ್ಯವಹಾರದಲ್ಲಿಯೂ ಮಾತಿನಲ್ಲಿಯೂ ಆದ ನೋವಿಗೆ ಅವರಲ್ಲಿಯೂ ಕ್ಷಮೆ ಬೇಡುವುದು ಮೂರನೆಯದು. ಇದಕ್ಕೆ ದೊಡ್ಡ ಮಂಟಪ ಬೇಡ, ಬಸದಿಯ ಅಂಗಳ ಸಾಕು.

ಜೈನಧರ್ಮದ ಹೃದಯ ಬರಿದೆಂದು ಬರೆದವರಿಗೆ ಗ್ರಂಥದಲ್ಲಿ ಉತ್ತರ ಬರೆದವರು ಆಗಿಹೋಗಿದ್ದಾರೆ. ಹತ್ತರಗಿಯಂತಹ ಊರುಗಳಲ್ಲಿ ಆ ಉತ್ತರವನ್ನು ನಡೆದು ತೋರಿಸುವ ಹೊಣೆ ಇಂದಿನ ಶ್ರಾವಕ ಶ್ರಾವಿಕೆಯರ ಮೇಲಿದೆ.